ಕಾಲೇಜು ಕ್ರೀಡಾಪಟುಗಳ ಸ್ಮರಣಿಕೆ ಮಾರಾಟ

ಕಾಲೇಜು ಕ್ರೀಡಾಪಟುಗಳ ಸ್ಮರಣಿಕೆ ಮಾರಾಟ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜು ಕ್ರೀಡಾ ವ್ಯವಸ್ಥೆಯಲ್ಲಿ ದೀರ್ಘಕಾಲ ವಿವಾದಕ್ಕೆ ಒಳಗಾದ ವಿಷಯವಾಗಿದೆ. ವಿದ್ಯಾರ್ಥಿ ಕ್ರೀಡಾಪಟುವೊಬ್ಬರು ತಾವು ತೊಟ್ಟು ಆಡಿದ ಜೆರ್ಸಿ, ಗೆದ್ದು ಪಡೆದ ಉಂಗುರ ಅಥವಾ ಪದಕ, ತಮ್ಮ ಹಸ್ತಾಕ್ಷರವುಳ್ಳ ಚೆಂಡು ಅಥವಾ ಭಾವಚಿತ್ರ ಮೊದಲಾದವುಗಳನ್ನು ವ್ಯಾಸಂಗದ ಅವಧಿಯಲ್ಲಿಯೇ ಹಣಕ್ಕೆ ಮಾರಬಹುದೇ ಎಂಬುದು ಇದರ ಮೂಲ ಪ್ರಶ್ನೆ. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವು (ಎನ್‌ಸಿಎಎ) ಹಲವು ದಶಕಗಳ ಕಾಲ ಇಂತಹ ಮಾರಾಟವನ್ನು ಸಂಪೂರ್ಣವಾಗಿ ನಿಷೇಧಿಸಿತ್ತು. ನಿಯಮ ಮೀರಿದವರು ಪಂದ್ಯಗಳಿಂದ ಅಮಾನತುಗೊಳ್ಳುತ್ತಿದ್ದರು. 2021ರ ಜುಲೈ 1ರಿಂದ ಕ್ರೀಡಾಪಟುಗಳು ತಮ್ಮ ಹೆಸರು ಮತ್ತು ಹಸ್ತಾಕ್ಷರದಿಂದ ಹಣ ಗಳಿಸಲು ಅವಕಾಶ ದೊರೆತಿದೆ. ಆದರೆ ಎಲ್ಲ ಬಗೆಯ ಸ್ಮರಣಿಕೆಗಳಿಗೂ ಒಂದೇ ನಿಯಮ ಅನ್ವಯಿಸುವುದಿಲ್ಲವಾದ್ದರಿಂದ ಚರ್ಚೆ ಇನ್ನೂ ಮುಗಿದಿಲ್ಲ.

ಸ್ಮರಣಿಕೆಗಳ ಬಗೆಗಳು

ಈ ವಿಷಯವನ್ನು ಅರಿಯಲು ಸ್ಮರಣಿಕೆಗಳನ್ನು ಮೂರು ಬಗೆಯಾಗಿ ವಿಂಗಡಿಸಿ ನೋಡುವುದು ಉಪಯುಕ್ತ. ಪ್ರತಿಯೊಂದು ಬಗೆಯಲ್ಲೂ ಒಡೆತನದ ಪ್ರಶ್ನೆ ಬೇರೆ ಬೇರೆಯಾಗಿರುತ್ತದೆ.

ಮೊದಲನೆಯದು ಹಸ್ತಾಕ್ಷರ. ಆಟಗಾರರು ಚೆಂಡು, ಚಿತ್ರ ಅಥವಾ ಟೋಪಿಯ ಮೇಲೆ ಹಾಕುವ ಸಹಿ ಅವರ ಸ್ವಂತದ್ದು. ಅದನ್ನು ಯಾವ ವಿಶ್ವವಿದ್ಯಾಲಯವೂ ಅವರಿಗೆ ಕೊಟ್ಟಿರುವುದಿಲ್ಲ.

ಎರಡನೆಯದು ಪ್ರಶಸ್ತಿ. ಚಾಂಪಿಯನ್‌ಷಿಪ್ ಗೆದ್ದ ತಂಡದ ಸದಸ್ಯರಿಗೆ ಉಂಗುರ, ಪದಕ ಅಥವಾ ಫಲಕ ನೀಡುವುದು ಅಮೆರಿಕದಲ್ಲಿ ರೂಢಿ. ಇದು ಆಟಗಾರರಿಗೆ ಬಂದ ಉಡುಗೊರೆ. ಅವರು ಅದನ್ನು ಮನೆಗೆ ಒಯ್ಯುತ್ತಾರೆ, ಜೀವನಪರ್ಯಂತ ಇಟ್ಟುಕೊಳ್ಳುತ್ತಾರೆ.

ಮೂರನೆಯದು ಆಟದ ಉಡುಪು ಮತ್ತು ಉಪಕರಣ. ಜೆರ್ಸಿ, ಶಿರಸ್ತ್ರಾಣ, ಕೈಗವಸು, ಬೂಟು ಇವುಗಳನ್ನು ಸಾಮಾನ್ಯವಾಗಿ ವಿಶ್ವವಿದ್ಯಾಲಯ ಅಥವಾ ಅದರ ಪ್ರಾಯೋಜಕ ಸಂಸ್ಥೆ ಒದಗಿಸುತ್ತದೆ. ಆಟಗಾರರು ಇವುಗಳನ್ನು ಬಳಸುತ್ತಾರೆಯೇ ಹೊರತು ಅವು ಅವರದಾಗಿರಬೇಕೆಂದಿಲ್ಲ. ಕೆಲವು ಸಂದರ್ಭಗಳಲ್ಲಿ ಮಾತ್ರ ಋತುವಿನ ಕೊನೆಯಲ್ಲಿ ಅಥವಾ ವಿಶೇಷ ಪಂದ್ಯದ ನಂತರ ಅವುಗಳನ್ನು ಆಟಗಾರರಿಗೇ ಕೊಡಲಾಗುತ್ತದೆ.

ಹಳೆಯ ನಿಯಮಾವಳಿಯು ಈ ಮೂರರ ನಡುವೆ ಅಂತರವನ್ನೇ ಎಣಿಸುತ್ತಿರಲಿಲ್ಲ. ಮಾರುವವರು ಆಟಗಾರರಾದರೆ ಮೂರೂ ನಿಷಿದ್ಧವಾಗಿದ್ದವು.

ಹಿನ್ನೆಲೆ

ಅಮೆರಿಕದ ಕಾಲೇಜು ಕ್ರೀಡೆಯ ಸ್ವರೂಪ ಇತರ ದೇಶಗಳಿಗಿಂತ ಭಿನ್ನವಾಗಿದೆ. ಅಲ್ಲಿ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ಬೃಹತ್ ಸಾರ್ವಜನಿಕ ಉತ್ಸವಗಳಾಗಿವೆ. ಆ್ಯನ್ ಆರ್ಬರ್ ನಗರದಲ್ಲಿರುವ ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಆಸನಗಳಿವೆ. ಹಲವು ರಾಜ್ಯಗಳಲ್ಲಿ ಅತ್ಯಧಿಕ ವೇತನ ಪಡೆಯುವ ಸರ್ಕಾರಿ ನೌಕರರೆಂದರೆ ಅಲ್ಲಿನ ಸಾರ್ವಜನಿಕ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ತರಬೇತುದಾರರೇ ಆಗಿದ್ದಾರೆ. ಪುರುಷರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ದೂರದರ್ಶನ ಪ್ರಸಾರಕ್ಕಾಗಿ ಎನ್‌ಸಿಎಎ 2010ರಲ್ಲಿ ಮಾಡಿಕೊಂಡ 14 ವರ್ಷಗಳ ಒಪ್ಪಂದದ ಮೌಲ್ಯ 1,080 ಕೋಟಿ ಡಾಲರ್‌ಗಳಷ್ಟಿತ್ತು.

ಕಾಲೇಜುಗಳ ನಡುವಿನ ಮೊದಲ ಕ್ರೀಡಾ ಸ್ಪರ್ಧೆ 1852ರಲ್ಲಿ ಹಾರ್ವರ್ಡ್ ಮತ್ತು ಯೇಲ್ ತಂಡಗಳ ನಡುವೆ ನಡೆದ ದೋಣಿ ಸ್ಪರ್ಧೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫುಟ್‌ಬಾಲ್ ಮೈದಾನಗಳಲ್ಲಿ ಸಾವುನೋವುಗಳು ಹೆಚ್ಚಿದವು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರು ಸುಧಾರಣೆಗೆ ಒತ್ತಾಯಿಸಿದರು. ಅದರ ಫಲವಾಗಿ 1906ರಲ್ಲಿ ರೂಪುಗೊಂಡ ಸಂಸ್ಥೆಯೇ 1910ರಲ್ಲಿ ಎನ್‌ಸಿಎಎ ಎಂಬ ಹೆಸರು ಪಡೆಯಿತು. ಆಟಗಾರರ ಸುರಕ್ಷತೆಗಾಗಿ ಹುಟ್ಟಿದ ಈ ಸಂಸ್ಥೆ ಕ್ರಮೇಣ ಅವರ ಹವ್ಯಾಸಿತನವನ್ನು ಕಾಯುವ ಸಂಸ್ಥೆಯೂ ಆಯಿತು.

ಹವ್ಯಾಸಿತನ ಎಂದರೆ ಹಣಕ್ಕಾಗಿ ಅಲ್ಲದೆ ಆಟದ ಪ್ರೀತಿಗಾಗಿ ಆಡುವುದು. ಈ ತತ್ವ ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನ ಮೇಲ್ವರ್ಗದಲ್ಲಿ ಬೆಳೆಯಿತು. ದುಡಿಮೆಯ ಅಗತ್ಯವಿಲ್ಲದ ಸಿರಿವಂತರಿಗೆ ಇದು ಸುಲಭವಾಗಿತ್ತು. ದುಡಿದು ಉಣ್ಣುವವರಿಗೆ ಇದು ತಡೆಗೋಡೆಯಾಗಿತ್ತು. ಈ ತತ್ವದ ಕಾಠಿಣ್ಯಕ್ಕೆ ಜಿಮ್ ಥಾರ್ಪ್ ಅವರ ಕತೆಯನ್ನು ಉದಾಹರಿಸಲಾಗುತ್ತದೆ. ಅಮೆರಿಕದ ಮೂಲನಿವಾಸಿ ಸಮುದಾಯಕ್ಕೆ ಸೇರಿದ ಇವರು ಕಾರ್ಲೈಲ್ ಶಾಲೆಯ ಪ್ರಸಿದ್ಧ ಫುಟ್‌ಬಾಲ್ ಆಟಗಾರರಾಗಿದ್ದರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್ ಮತ್ತು ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದರು. ಅದಕ್ಕೂ ಮೊದಲು ಅಲ್ಪ ಹಣಕ್ಕೆ ಕೆಳಹಂತದ ಬೇಸ್‌ಬಾಲ್ ಆಡಿದ್ದರೆಂಬ ಕಾರಣಕ್ಕೆ 1913ರಲ್ಲಿ ಅವರ ಪದಕಗಳನ್ನು ಹಿಂಪಡೆಯಲಾಯಿತು. ಅವರನ್ನು ಆ ಸ್ಪರ್ಧೆಗಳ ಏಕೈಕ ವಿಜೇತರೆಂದು ಒಲಿಂಪಿಕ್ ಸಮಿತಿ ಪುನಃ ಘೋಷಿಸಿದ್ದು 2022ರಲ್ಲಿ. ಆ ವೇಳೆಗೆ ಅವರು ತೀರಿಕೊಂಡು ಸುಮಾರು ಏಳು ದಶಕಗಳಾಗಿದ್ದವು.

1950ರ ದಶಕದಲ್ಲಿ ಎನ್‌ಸಿಎಎ ಕ್ರೀಡಾ ವಿದ್ಯಾರ್ಥಿವೇತನಕ್ಕೆ ಅನುಮತಿ ನೀಡಿತು. ಬೋಧನಾ ಶುಲ್ಕ, ವಸತಿ, ಊಟ ಮತ್ತು ಪುಸ್ತಕಗಳ ವೆಚ್ಚ ಇದರಲ್ಲಿ ಸೇರುತ್ತಿದ್ದವು. ಇದೇ ಕಾಲದಲ್ಲಿ 'ವಿದ್ಯಾರ್ಥಿ ಕ್ರೀಡಾಪಟು' ಎಂಬ ಪದವೂ ಬಳಕೆಗೆ ಬಂತು. ಮೈದಾನದಲ್ಲಿ ಗಾಯಗೊಂಡ ಅಥವಾ ಮಡಿದ ಆಟಗಾರರನ್ನು ನೌಕರರೆಂದು ಪರಿಗಣಿಸಿ ಪರಿಹಾರ ಕೇಳುವ ಮೊಕದ್ದಮೆಗಳಿಂದ ಕಾಲೇಜುಗಳನ್ನು ರಕ್ಷಿಸುವುದು ಈ ಪದದ ಒಂದು ಉದ್ದೇಶವಾಗಿತ್ತು. ಆ ಕಾಲದಲ್ಲಿ ಸಂಸ್ಥೆಯ ಚುಕ್ಕಾಣಿ ಹಿಡಿದಿದ್ದ ವಾಲ್ಟರ್ ಬೈಯರ್ಸ್ ಅವರು ನಿವೃತ್ತಿಯ ನಂತರ 1995ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ತಾವೇ ಕಟ್ಟಿದ ವ್ಯವಸ್ಥೆಯನ್ನು ಕಟುವಾಗಿ ಟೀಕಿಸಿದ್ದು ಗಮನಾರ್ಹ.

ನಿಷೇಧದ ಸ್ವರೂಪ

ಹಳೆಯ ನಿಯಮಾವಳಿಯಲ್ಲಿ ಸ್ಮರಣಿಕೆ ಮಾರಾಟವನ್ನು ತಡೆಯುವ ಮೂರು ಬೇಲಿಗಳಿದ್ದವು. ಕ್ರೀಡಾ ಕೌಶಲ ಅಥವಾ ಖ್ಯಾತಿಯ ಕಾರಣದಿಂದ ಹಣ ಪಡೆಯುವಂತಿರಲಿಲ್ಲ. ಸ್ಪರ್ಧೆಯಲ್ಲಿ ಪಡೆದ ಪ್ರಶಸ್ತಿಗಳನ್ನು ಮಾರುವಂತಾಗಲಿ, ಬೇರೆ ವಸ್ತು ಅಥವಾ ಸೇವೆಗೆ ವಿನಿಮಯ ಮಾಡಿಕೊಳ್ಳುವಂತಾಗಲಿ ಇರಲಿಲ್ಲ. ಸಾಮಾನ್ಯ ವಿದ್ಯಾರ್ಥಿಗಳಿಗೆ ದೊರೆಯದ ರಿಯಾಯಿತಿಯನ್ನು ಅಂಗಡಿ ಅಥವಾ ಅಭಿಮಾನಿಗಳಿಂದ ಪಡೆಯುವಂತಿರಲಿಲ್ಲ.

ಈ ನಿಷೇಧ ಆಟಗಾರರಿಗೆ ಮಾತ್ರ ಅನ್ವಯಿಸುತ್ತಿತ್ತು ಎಂಬುದು ವಿವಾದದ ತಿರುಳು. ವಿಶ್ವವಿದ್ಯಾಲಯವು ತಾರಾ ಆಟಗಾರರ ಸಂಖ್ಯೆಯುಳ್ಳ ಜೆರ್ಸಿಗಳನ್ನು ತನ್ನ ಅಂಗಡಿಯಲ್ಲಿ ಮಾರುತ್ತಿತ್ತು. ಹೆಸರು ಮುದ್ರಿಸುವಂತಿರಲಿಲ್ಲವಾದರೂ ಸಂಖ್ಯೆ ಯಾರದೆಂಬುದು ಎಲ್ಲರಿಗೂ ತಿಳಿದಿತ್ತು. ಆಟಗಾರರಿಂದ ಉಚಿತವಾಗಿ ಹಸ್ತಾಕ್ಷರ ಪಡೆದ ವ್ಯಾಪಾರಿಯು ಅದನ್ನು ಅಂತರಜಾಲದಲ್ಲಿ ನೂರಾರು ಡಾಲರ್‌ಗೆ ಮಾರಬಹುದಾಗಿತ್ತು. ಒಂದೇ ವಸ್ತುವನ್ನು ತಯಾರಕ, ವಿತರಕ, ವಿಶ್ವವಿದ್ಯಾಲಯ, ಸಂಗ್ರಾಹಕ ಎಲ್ಲರೂ ಮಾರಬಹುದು. ಅದಕ್ಕೆ ಬೆಲೆ ತಂದುಕೊಟ್ಟವರು ಮಾತ್ರ ಮಾರುವಂತಿಲ್ಲ ಎಂಬ ಸ್ಥಿತಿ ಏರ್ಪಟ್ಟಿತ್ತು.

ಪ್ರಮುಖ ಪ್ರಕರಣಗಳು

ಎ. ಜೆ. ಗ್ರೀನ್, 2010: ಜಾರ್ಜಿಯಾ ವಿಶ್ವವಿದ್ಯಾಲಯದ ಈ ಆಟಗಾರರು ಇಂಡಿಪೆಂಡೆನ್ಸ್ ಬೌಲ್ ಪಂದ್ಯದಲ್ಲಿ ತೊಟ್ಟಿದ್ದ ತಮ್ಮ ಜೆರ್ಸಿಯನ್ನು 1,000 ಡಾಲರ್‌ಗೆ ಮಾರಿದ್ದರು. ಕೊಂಡ ವ್ಯಕ್ತಿಯನ್ನು ಎನ್‌ಸಿಎಎ ತನ್ನ ವ್ಯಾಖ್ಯೆಯ ಪ್ರಕಾರ ಏಜೆಂಟ್ ಎಂದು ಪರಿಗಣಿಸಿತು. ಗ್ರೀನ್ ನಾಲ್ಕು ಪಂದ್ಯಗಳಿಂದ ಅಮಾನತುಗೊಂಡರು ಮತ್ತು ಅಷ್ಟೇ ಮೊತ್ತವನ್ನು ದಾನವಾಗಿ ನೀಡಬೇಕಾಯಿತು. ಅವರಿಲ್ಲದ ಆ ನಾಲ್ಕು ಪಂದ್ಯಗಳಲ್ಲಿ ಮೂರನ್ನು ತಂಡ ಸೋತಿತು. ಅವರು ಹೊರಗಿದ್ದ ದಿನಗಳಲ್ಲಿಯೂ ಅವರ ಸಂಖ್ಯೆಯಾದ 8ನ್ನು ಹೊತ್ತ ಜೆರ್ಸಿಗಳು ವಿಶ್ವವಿದ್ಯಾಲಯದ ಅಂತರಜಾಲ ಅಂಗಡಿಯಲ್ಲಿ ಮಾರಾಟಕ್ಕಿದ್ದವು. ಈ ಸಂಗತಿ ಪತ್ರಿಕೆಗಳಲ್ಲಿ ವ್ಯಾಪಕವಾಗಿ ಚರ್ಚೆಯಾಯಿತು.

ಓಹಾಯೋ ಸ್ಟೇಟ್ ಪ್ರಕರಣ, 2010–2011: ಈ ವಿಷಯದಲ್ಲಿ ಅತ್ಯಂತ ಪ್ರಸಿದ್ಧವಾದ ಪ್ರಕರಣವಿದು. ಹಚ್ಚೆ ಹಾಕುವ ಅಂಗಡಿಯೊಂದಕ್ಕೆ ಸಂಬಂಧಿಸಿದ ಕೇಂದ್ರ ಸರ್ಕಾರದ ತನಿಖೆಯ ವೇಳೆ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಸ್ಮರಣಿಕೆಗಳು ಪತ್ತೆಯಾದವು. ಆಟಗಾರರು ಉಂಗುರ, ಜೆರ್ಸಿ ಮುಂತಾದವುಗಳನ್ನು ಹಣಕ್ಕೆ ಮಾರಿದ್ದರು, ಕೆಲವರು ಹಚ್ಚೆಗೆ ರಿಯಾಯಿತಿ ಪಡೆದಿದ್ದರು. ತಂಡದ ನಾಯಕ ಸ್ಥಾನದಲ್ಲಿದ್ದ ಕ್ವಾರ್ಟರ್‌ಬ್ಯಾಕ್ ಟೆರೆಲ್ ಪ್ರಯರ್ ತಮ್ಮ 2008ರ ಚಾಂಪಿಯನ್‌ಷಿಪ್ ಉಂಗುರ, ಸದಾಚಾರಕ್ಕಾಗಿ ಪಡೆದ ಪ್ರಶಸ್ತಿ ಮತ್ತು 'ಗೋಲ್ಡ್ ಪ್ಯಾಂಟ್ಸ್' ಎಂಬ ಪದಕವನ್ನು ಮಾರಿದ್ದರು. ಪುಟ್ಟ ಷರಾಯಿಯ ಆಕಾರದ ಈ ಪದಕವನ್ನು ಪರಂಪರಾಗತ ಎದುರಾಳಿಯಾದ ಮಿಷಿಗನ್ ತಂಡವನ್ನು ಸೋಲಿಸಿದಾಗ ಆಟಗಾರರಿಗೆ ನೀಡುವ ಸಂಪ್ರದಾಯ 1930ರ ದಶಕದಿಂದ ನಡೆದುಬಂದಿದೆ.

2010ರ ಡಿಸೆಂಬರ್‌ನಲ್ಲಿ ಐವರು ಆಟಗಾರರಿಗೆ ಮುಂದಿನ ಋತುವಿನ ಮೊದಲ ಐದು ಪಂದ್ಯಗಳಿಂದ ಅಮಾನತು ವಿಧಿಸಲಾಯಿತು. ಆದರೆ ಕೆಲವೇ ದಿನಗಳಲ್ಲಿ ನಡೆಯಲಿದ್ದ ಶುಗರ್ ಬೌಲ್ ಪಂದ್ಯದಲ್ಲಿ ಆಡಲು ಅವರಿಗೆ ಅನುಮತಿ ದೊರೆಯಿತು. ಪ್ರೇಕ್ಷಕರನ್ನೂ ಪ್ರಸಾರದ ಹಣವನ್ನೂ ತರುವ ಪಂದ್ಯಕ್ಕೆ ಶಿಕ್ಷೆ ಅನ್ವಯಿಸದಿದ್ದುದು ನಿಯಮದ ನೈತಿಕ ಬಲವನ್ನೇ ಕುಂದಿಸಿತೆಂದು ಅನೇಕರು ಟೀಕಿಸಿದರು. ಮಾರಾಟದ ವಿಷಯ ತಿಳಿದಿದ್ದೂ ಮುಚ್ಚಿಟ್ಟಿದ್ದ ಮುಖ್ಯ ತರಬೇತುದಾರ ಜಿಮ್ ಟ್ರೆಸೆಲ್ 2011ರ ಮೇ ತಿಂಗಳಲ್ಲಿ ರಾಜೀನಾಮೆ ನೀಡಿದರು. ಪ್ರಯರ್ ವಿಶ್ವವಿದ್ಯಾಲಯ ತೊರೆದು ವೃತ್ತಿಪರ ಕ್ರೀಡೆಗೆ ಹೋದರು. ತಂಡದ 2010ರ ಗೆಲುವುಗಳನ್ನು ದಾಖಲೆಯಿಂದ ತೆಗೆದುಹಾಕಲಾಯಿತು. 2012ರ ಋತುವಿನ ಅಂತ್ಯದ ಪಂದ್ಯಗಳಿಂದ ತಂಡವನ್ನು ನಿಷೇಧಿಸಲಾಯಿತು. ಆ ವರ್ಷ ತಂಡವು ಆಡಿದ ಹನ್ನೆರಡೂ ಪಂದ್ಯಗಳನ್ನು ಗೆದ್ದರೂ ರಾಷ್ಟ್ರೀಯ ಪ್ರಶಸ್ತಿಗೆ ಸ್ಪರ್ಧಿಸಲಾಗಲಿಲ್ಲ. ಸ್ಮರಣಿಕೆಗಳನ್ನು ಮಾರಿದವರಲ್ಲಿ ಹೆಚ್ಚಿನವರು ಆ ವೇಳೆಗೆ ತಂಡದಲ್ಲಿರಲಿಲ್ಲ.

ಜಾನಿ ಮ್ಯಾನ್ಜೆಲ್, 2013: ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಮ್ಯಾನ್ಜೆಲ್ 2012ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ವೈಯಕ್ತಿಕ ಗೌರವವಾದ ಹೈಸ್‌ಮನ್ ಟ್ರೋಫಿ ಪಡೆದಿದ್ದರು. ಅವರು ವ್ಯಾಪಾರಿಗಳಿಗಾಗಿ ಹಸ್ತಾಕ್ಷರ ನೀಡಿ ಹಣ ಪಡೆದರೇ ಎಂಬ ಬಗ್ಗೆ ತನಿಖೆ ನಡೆಯಿತು. ಹಣ ಪಡೆದುದಕ್ಕೆ ಸಾಕ್ಷ್ಯ ದೊರೆಯಲಿಲ್ಲ. ತಮ್ಮ ಹಸ್ತಾಕ್ಷರದ ವಾಣಿಜ್ಯ ಬಳಕೆಯನ್ನು ತಡೆಯಲಿಲ್ಲವೆಂಬ ಕಾರಣಕ್ಕೆ ಅರ್ಧ ಪಂದ್ಯದ ಅಮಾನತು ವಿಧಿಸಲಾಯಿತು. ಇದೇ ಸಮಯದಲ್ಲಿ ಕ್ರೀಡಾ ವಿಶ್ಲೇಷಕ ಜೇ ಬಿಲಾಸ್ ಅವರು ಎನ್‌ಸಿಎಎಯ ಸ್ವಂತ ಅಂತರಜಾಲ ಅಂಗಡಿಯಲ್ಲಿ ಆಟಗಾರರ ಹೆಸರನ್ನು ಹುಡುಕಿದರೆ ಅವರದೇ ಸಂಖ್ಯೆಯ ಜೆರ್ಸಿ ಕಾಣಿಸುತ್ತದೆಂದು ಬಹಿರಂಗಪಡಿಸಿದರು. ಆಗಿನ ಅಧ್ಯಕ್ಷ ಮಾರ್ಕ್ ಎಮ್ಮರ್ಟ್ ಅದು ತಪ್ಪೆಂದು ಒಪ್ಪಿಕೊಂಡರು, ಮತ್ತು ಸಂಸ್ಥೆ ಅಂತಹ ಮಾರಾಟವನ್ನು ಕೈಬಿಟ್ಟಿತು.

ಟಾಡ್ ಗರ್ಲಿ, 2014: ಜಾರ್ಜಿಯಾ ವಿಶ್ವವಿದ್ಯಾಲಯದ ಗರ್ಲಿ ಎರಡು ವರ್ಷಗಳಲ್ಲಿ ಹಸ್ತಾಕ್ಷರಿತ ಸ್ಮರಣಿಕೆಗಳು ಮುಂತಾದವಕ್ಕೆ 3,000 ಡಾಲರ್‌ಗೂ ಹೆಚ್ಚು ಹಣ ಪಡೆದಿದ್ದರೆಂದು ನಾಲ್ಕು ಪಂದ್ಯಗಳ ಅಮಾನತಿಗೆ ಒಳಗಾದರು. ಅಮಾನತು ಮುಗಿಸಿ ಮರಳಿದ ಮೊದಲ ಪಂದ್ಯದಲ್ಲಿಯೇ ಅವರ ಮೊಣಕಾಲಿನ ಅಸ್ಥಿಬಂಧ ಹರಿಯಿತು. ಮುಂದೆ ಅವರು ಚೇತರಿಸಿಕೊಂಡು ವೃತ್ತಿಪರ ಕ್ರೀಡೆಯಲ್ಲಿ ಯಶಸ್ವಿಯಾದರು. ಆದರೂ ಒಂದು ಗಾಯದಿಂದ ಆಟಗಾರರ ಗಳಿಕೆಯ ಸಾಧ್ಯತೆ ಕ್ಷಣದಲ್ಲಿ ಇಲ್ಲವಾಗಬಹುದು ಎಂಬುದನ್ನು ಈ ಘಟನೆ ತೋರಿಸಿಕೊಟ್ಟಿತು. ಮರುವರ್ಷ ಜಾರ್ಜಿಯಾ ರಾಜ್ಯವು ಕಾಯಿದೆಯೊಂದನ್ನು ತಂದು, ನಿಯಮ ಮೀರುವಂತೆ ಆಟಗಾರರನ್ನು ಪ್ರಚೋದಿಸುವವರನ್ನು ಶಿಕ್ಷಾರ್ಹರನ್ನಾಗಿಸಿತು.

ಮಾರಾಟದ ಪರವಾದ ವಾದಗಳು

ಒಡೆತನದ ವಾದ: ಉಡುಗೊರೆಯಾಗಿ ಕೊಟ್ಟ ವಸ್ತು ಪಡೆದವರದಾಗುತ್ತದೆ. ಅದನ್ನು ಇಟ್ಟುಕೊಳ್ಳುವ, ಕೊಡುವ, ಮಾರುವ ಹಕ್ಕು ಒಡೆತನದಲ್ಲಿಯೇ ಅಡಕವಾಗಿದೆ. ಮಾರಲಾಗದ ವಸ್ತುವನ್ನು ಕೊಟ್ಟು ಅದನ್ನು ಪ್ರಶಸ್ತಿ ಎನ್ನುವುದು ಅಪೂರ್ಣ ದಾನ ಎಂಬುದು ಈ ವಾದದ ಸಾರ.

ಸಮಾನತೆಯ ವಾದ: ಸಂಗೀತ ವಿಭಾಗದ ವಿದ್ಯಾರ್ಥಿ ಕಛೇರಿ ಮಾಡಿ ಹಣ ಪಡೆಯಬಹುದು. ಚಿತ್ರಕಲೆಯ ವಿದ್ಯಾರ್ಥಿ ತನ್ನ ಚಿತ್ರವನ್ನು ಮಾರಬಹುದು. ಇವರು ವಿದ್ಯಾರ್ಥಿವೇತನ ಪಡೆಯುತ್ತಿದ್ದರೂ ಅಡ್ಡಿಯಿಲ್ಲ. ಕ್ರೀಡಾಪಟುಗಳಿಗೆ ಮಾತ್ರ ಈ ಹಕ್ಕನ್ನು ನಿರಾಕರಿಸಲು ಶೈಕ್ಷಣಿಕ ಕಾರಣವಿಲ್ಲ.

ಅವಧಿಯ ವಾದ: ಎನ್‌ಸಿಎಎಯ ಸ್ವಂತ ಅಂದಾಜಿನಂತೆಯೇ ಕಾಲೇಜು ಫುಟ್‌ಬಾಲ್ ಆಟಗಾರರಲ್ಲಿ ವೃತ್ತಿಪರ ಹಂತ ತಲುಪುವವರು ಶೇಕಡಾ 2ಕ್ಕಿಂತಲೂ ಕಡಿಮೆ. ಉಳಿದವರ ಹಸ್ತಾಕ್ಷರಕ್ಕೆ ಬೆಲೆಯಿರುವುದು ಕಾಲೇಜಿನ ಮೂರು ನಾಲ್ಕು ವರ್ಷಗಳಲ್ಲಿ ಮಾತ್ರ. 'ಪದವಿಯ ನಂತರ ಮಾರಿಕೊಳ್ಳಿ' ಎಂದರೆ ಅವರ ಪಾಲಿಗೆ 'ಎಂದಿಗೂ ಮಾರಬೇಡಿ' ಎಂದಂತೆಯೇ. ಮಹಿಳಾ ಆಟಗಾರರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 2024ರಲ್ಲಿ ಮಹಿಳೆಯರ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್‌ಗೆ ಮೊದಲಿಗರಾಗಿ ಆಯ್ಕೆಯಾದ ಕೇಟ್ಲಿನ್ ಕ್ಲಾರ್ಕ್ ಅವರ ಮೊದಲ ವರ್ಷದ ಲೀಗ್ ವೇತನ ಸುಮಾರು 76 ಸಾವಿರ ಡಾಲರ್ ಮಾತ್ರವಾಗಿತ್ತು. ಅಯೋವಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ಅವರು ರಾಷ್ಟ್ರಮಟ್ಟದ ತಾರೆಯಾಗಿದ್ದರು.

ಅಗತ್ಯದ ವಾದ: ವಿದ್ಯಾರ್ಥಿವೇತನವು ಶುಲ್ಕ ಮತ್ತು ಊಟವನ್ನು ಭರಿಸಿದರೂ ಮನೆಯ ಬಡತನವನ್ನು ನೀಗಿಸುವುದಿಲ್ಲ. ಅಭ್ಯಾಸ ಮತ್ತು ಪ್ರವಾಸಗಳ ನಡುವೆ ಬಿಡುವಿನ ಕೆಲಸ ಮಾಡಲೂ ಅವರಿಗೆ ಸಮಯವಿರುವುದಿಲ್ಲ.

ಪಾರದರ್ಶಕತೆಯ ವಾದ: ನಿಷೇಧವು ಮಾರಾಟವನ್ನು ನಿಲ್ಲಿಸದೆ ಮರೆಗೆ ತಳ್ಳುತ್ತದೆ. ಕಳ್ಳಸಂತೆಯಲ್ಲಿ ಆಟಗಾರರಿಗೆ ಸಿಗುವುದು ಅಲ್ಪ, ಲಾಭ ದಲ್ಲಾಳಿಗಳದು. ನಕಲಿ ವಸ್ತುಗಳಿಗೂ ಇದರಿಂದ ಅವಕಾಶವಾಗುತ್ತದೆ. 1990ರ ದಶಕದಲ್ಲಿ ಆರಂಭವಾದ ಎಫ್‌ಬಿಐಯ 'ಆಪರೇಷನ್ ಬುಲ್‌ಪೆನ್' ತನಿಖೆಯು ಖೋಟಾ ಹಸ್ತಾಕ್ಷರಗಳ ದೊಡ್ಡ ಜಾಲವನ್ನೇ ಬಯಲಿಗೆಳೆದಿತ್ತು. ಆಟಗಾರರೇ ಬಹಿರಂಗವಾಗಿ ಮಾರಿದರೆ ಕೊಳ್ಳುವವರಿಗೂ ಖಾತರಿ ಇರುತ್ತದೆ.

ಮಾರಾಟಕ್ಕೆ ವಿರುದ್ಧವಾದ ವಾದಗಳು

ಮರೆಮಾಚಿದ ಸಂಬಳದ ಭೀತಿ: ಇದು ವಿರೋಧಿಗಳ ಪ್ರಬಲ ವಾದ. ತಂಡದ ಶ್ರೀಮಂತ ಬೆಂಬಲಿಗರೊಬ್ಬರು ಮಾಮೂಲಿ ಆಟಗಾರರ ಟೋಪಿಯನ್ನು ಐವತ್ತು ಸಾವಿರ ಡಾಲರ್‌ಗೆ ಕೊಂಡರೆ ಅದು ಸ್ಮರಣಿಕೆಯ ಬೆಲೆಯೋ ಅಥವಾ ಆ ಆಟಗಾರರು ತಮ್ಮ ವಿಶ್ವವಿದ್ಯಾಲಯಕ್ಕೇ ಸೇರಲೆಂದು ಕೊಟ್ಟ ಸಂಭಾವನೆಯೋ ಎಂದು ತಿಳಿಯುವುದು ಕಷ್ಟ. ಸಿರಿವಂತ ಬೆಂಬಲಿಗರಿರುವ ವಿಶ್ವವಿದ್ಯಾಲಯಗಳು ಉತ್ತಮ ಆಟಗಾರರನ್ನೆಲ್ಲ ಸೆಳೆದರೆ ಸ್ಪರ್ಧೆಯ ಸಮತೋಲನ ಕೆಡುತ್ತದೆ.

ತಂಡದೊಳಗಿನ ಅಸಮಾನತೆ: ಕ್ವಾರ್ಟರ್‌ಬ್ಯಾಕ್‌ನ ಜೆರ್ಸಿ ಕೊಳ್ಳಲು ಸಾಲು ನಿಲ್ಲುವವರು ಅವರನ್ನು ಎದುರಾಳಿಗಳಿಂದ ಕಾಯುವ ರಕ್ಷಕ ಆಟಗಾರರ ಹೆಸರನ್ನೂ ಅರಿತಿರುವುದಿಲ್ಲ. ಒಂದೇ ಬೆವರಿಗೆ ಎರಡು ಬೆಲೆ ಬರುವುದು ತಂಡದ ಒಗ್ಗಟ್ಟಿಗೆ ಧಕ್ಕೆ ತರಬಹುದು.

ಸಂಸ್ಥೆಯ ಸ್ವತ್ತು: ಜೆರ್ಸಿಯ ಮೇಲಿರುವ ಬಣ್ಣ, ಲಾಂಛನ ಮತ್ತು ಹೆಸರು ವಿಶ್ವವಿದ್ಯಾಲಯದ್ದು. ಅದರ ಬೆಲೆಯ ಒಂದು ಭಾಗ ಆಟಗಾರರಿಂದ ಬಂದಿದ್ದರೆ ಇನ್ನೊಂದು ಭಾಗ ಶತಮಾನದ ಪರಂಪರೆಯಿಂದ ಬಂದಿದೆ. ಅಲ್ಲದೆ ಬಳಕೆಗೆಂದು ಕೊಟ್ಟ ಉಪಕರಣವನ್ನು ಮಾರುವುದು ಎರವಲು ತಂದ ಪುಸ್ತಕವನ್ನು ಮಾರಿದಂತೆ.

ಗೌರವದ ವಾದ: ಕೆಲವು ವಸ್ತುಗಳ ಬೆಲೆಯಿರುವುದೇ ಅವು ಮಾರಾಟಕ್ಕಿಲ್ಲ ಎಂಬುದರಲ್ಲಿ. ಓಹಾಯೋ ಸ್ಟೇಟ್‌ನ ಹಳೆಯ ಆಟಗಾರರನೇಕರಿಗೆ ನೋವುಂಟುಮಾಡಿದ್ದು ನಿಯಮ ಮೀರಿದ್ದಕ್ಕಿಂತ ಹೆಚ್ಚಾಗಿ, 'ಗೋಲ್ಡ್ ಪ್ಯಾಂಟ್ಸ್' ಪದಕ ಹಚ್ಚೆಯಂಗಡಿ ಸೇರಿದ್ದು. ಇಂತಹ ನಿರ್ಬಂಧ ಕಾಲೇಜು ಕ್ರೀಡೆಗೆ ಮಾತ್ರ ಸೀಮಿತವಲ್ಲ. ಆಸ್ಕರ್ ಪ್ರಶಸ್ತಿ ವಿಜೇತರು ಪ್ರತಿಮೆಯನ್ನು ಮಾರುವ ಮೊದಲು ಒಂದು ಡಾಲರ್‌ಗೆ ಅಕಾಡೆಮಿಗೇ ನೀಡಲು ಮುಂದಾಗಬೇಕೆಂಬ ಷರತ್ತು 1950ರಿಂದ ಜಾರಿಯಲ್ಲಿದೆ. ಹೈಸ್‌ಮನ್ ಟ್ರೋಫಿ ವಿಜೇತರಿಂದಲೂ ಮಾರುವುದಿಲ್ಲವೆಂಬ ಒಪ್ಪಿಗೆ ಪಡೆಯಲಾಗುತ್ತದೆ. ಆದರೆ ಇವು ಕೊಡುವಾಗಲೇ ತಿಳಿಸಿ ಮಾಡಿಕೊಳ್ಳುವ ಒಪ್ಪಂದಗಳು. ಮೀರಿದವರ ವೃತ್ತಿಯನ್ನೇ ತಡೆಹಿಡಿಯುವ ಶಿಕ್ಷೆ ಇವುಗಳಲ್ಲಿಲ್ಲ.

ನ್ಯಾಯಾಲಯಗಳು ಮತ್ತು ಕಾನೂನು

ವ್ಯಕ್ತಿಯ ಹೆಸರು ಮತ್ತು ಚಿತ್ರಕ್ಕೆ ಆರ್ಥಿಕ ಮೌಲ್ಯವಿದೆ, ಅದರ ಮೇಲೆ ಆ ವ್ಯಕ್ತಿಗೆ ಹಕ್ಕಿದೆ ಎಂಬ ತತ್ವವು ಅಮೆರಿಕದ ಕಾನೂನಿನಲ್ಲಿ ನೆಲೆಗೊಂಡಿದ್ದೇ ಕ್ರೀಡಾ ಸ್ಮರಣಿಕೆಯ ಮೊಕದ್ದಮೆಯೊಂದರಿಂದ. 1953ರ ಹೇಲನ್ ಲ್ಯಾಬೊರೇಟರೀಸ್ ಮತ್ತು ಟಾಪ್ಸ್ ನಡುವಿನ ಪ್ರಕರಣದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳ ಕುರಿತು ತೀರ್ಪು ನೀಡುತ್ತ ನ್ಯಾಯಾಲಯವು 'ಪ್ರಚಾರದ ಹಕ್ಕು' ಎಂಬ ಪರಿಕಲ್ಪನೆಯನ್ನು ಮಾನ್ಯ ಮಾಡಿತು.

ಕಾಲೇಜು ಆಟಗಾರರಿಗೆ ಈ ಹಕ್ಕು ದೊರೆಯಲು ಮತ್ತೆ ಆರು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ತಂಡದ ಮಾಜಿ ಬ್ಯಾಸ್ಕೆಟ್‌ಬಾಲ್ ಆಟಗಾರ ಎಡ್ ಓಬ್ಯಾನನ್ ತಮ್ಮ ರೂಪವನ್ನು ವಿಡಿಯೊ ಗೇಮ್ ಒಂದರಲ್ಲಿ ಅನುಮತಿಯಿಲ್ಲದೆ ಬಳಸಿದ್ದನ್ನು ಕಂಡು 2009ರಲ್ಲಿ ಮೊಕದ್ದಮೆ ಹೂಡಿದರು. 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅವರು ಎನ್‌ಸಿಎಎಯ ನಿರ್ಬಂಧಗಳು ಮುಕ್ತ ಸ್ಪರ್ಧೆಯ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತರು. ಮೇಲ್ಮನವಿ ನ್ಯಾಯಾಲಯ ಅದನ್ನು ಭಾಗಶಃ ಎತ್ತಿಹಿಡಿಯಿತು.

2019ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಹೆಸರು ಮತ್ತು ಚಿತ್ರದಿಂದ ಹಣ ಗಳಿಸಿದ ಆಟಗಾರರನ್ನು ಶಿಕ್ಷಿಸದಂತೆ ಕಾಲೇಜುಗಳನ್ನು ತಡೆಯುವ ಕಾಯಿದೆಯನ್ನು ಅಂಗೀಕರಿಸಿತು. ಇತರ ರಾಜ್ಯಗಳೂ ಇದೇ ಹಾದಿ ಹಿಡಿದವು. 2021ರ ಜೂನ್ 21ರಂದು ಆಲ್‌ಸ್ಟನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎಯ ವಿರುದ್ಧ ತೀರ್ಪು ನೀಡಿದರು. ಆ ಪ್ರಕರಣ ನೇರವಾಗಿ ಶಿಕ್ಷಣ ಸಂಬಂಧಿ ಸೌಲಭ್ಯಗಳಿಗೆ ಸೀಮಿತವಾಗಿದ್ದರೂ, ಹವ್ಯಾಸಿತನದ ಹೆಸರಿನಲ್ಲಿ ಸಂಸ್ಥೆಗೆ ಕಾನೂನಿನಿಂದ ವಿನಾಯಿತಿ ಇಲ್ಲವೆಂಬುದು ಸ್ಪಷ್ಟವಾಯಿತು. ಹತ್ತು ದಿನಗಳಲ್ಲಿ, ಅಂದರೆ ಜುಲೈ 1ರಂದು, ಸಂಸ್ಥೆಯ ಹೊಸ ಮಧ್ಯಂತರ ನೀತಿ ಜಾರಿಗೆ ಬಂತು.

2021ರ ನಂತರ

ಹೊಸ ನೀತಿಯಿಂದ ಹಸ್ತಾಕ್ಷರದ ಪ್ರಶ್ನೆ ಬಹುಮಟ್ಟಿಗೆ ಇತ್ಯರ್ಥವಾಯಿತು. ಆಟಗಾರರು ಹಣ ಪಡೆದು ಸಹಿ ಹಾಕಬಹುದು, ಜಾಹೀರಾತುಗಳಲ್ಲಿ ಕಾಣಿಸಿಕೊಳ್ಳಬಹುದು, ತಮ್ಮ ಹೆಸರಿನ ಅಂಗಿಗಳನ್ನು ಮಾರಬಹುದು. 2013ರ ಆವೃತ್ತಿಯ ನಂತರ ನಿಂತುಹೋಗಿದ್ದ ಕಾಲೇಜು ಫುಟ್‌ಬಾಲ್ ವಿಡಿಯೊ ಗೇಮ್ 2024ರಲ್ಲಿ ಮರಳಿ ಬಂದಾಗ, ಅದರಲ್ಲಿ ಕಾಣಿಸಿಕೊಳ್ಳಲು ಒಪ್ಪಿದ ಆಟಗಾರರಿಗೆ ತಲಾ 600 ಡಾಲರ್ ಮತ್ತು ಆಟದ ಒಂದು ಪ್ರತಿಯನ್ನು ನೀಡಲಾಯಿತು.

ಪ್ರಶಸ್ತಿ ಮತ್ತು ಉಪಕರಣಗಳ ಸ್ಥಿತಿ ಹೀಗಿಲ್ಲ. ವಿಶ್ವವಿದ್ಯಾಲಯ ಒದಗಿಸಿದ ಉಡುಪು, ಬೂಟು ಮತ್ತು ಪ್ರಶಸ್ತಿಗಳನ್ನು ಆಡುವ ಅರ್ಹತೆಯ ಅವಧಿ ಮುಗಿಯುವವರೆಗೆ ಮಾರಬಾರದೆಂಬ ಷರತ್ತನ್ನು ಹಲವು ವಿಶ್ವವಿದ್ಯಾಲಯಗಳು ತಮ್ಮ ನಿಯಮಗಳಲ್ಲಿ ಉಳಿಸಿಕೊಂಡಿವೆ. ವಿಶ್ವವಿದ್ಯಾಲಯದ ಲಾಂಛನವನ್ನು ಬಳಸಲು ಪ್ರತ್ಯೇಕ ಪರವಾನಗಿ ಬೇಕಾಗುತ್ತದೆ.

ವಿರೋಧಿಗಳು ಹೇಳಿದ್ದ ಮರೆಮಾಚಿದ ಸಂಬಳದ ಭೀತಿಯೂ ಸುಳ್ಳಾಗಲಿಲ್ಲ. ಬೆಂಬಲಿಗರು ಕೂಡಿ ನಿಧಿಗಳನ್ನು ಕಟ್ಟಿ ಆಟಗಾರರಿಗೆ ಹಣ ನೀಡತೊಡಗಿದರು. 2025ರ ಜೂನ್ 6ರಂದು ವಿಲ್ಕನ್ ಅವರೇ ಅನುಮೋದಿಸಿದ ಹೌಸ್ ಪ್ರಕರಣದ ರಾಜಿ ಒಪ್ಪಂದವು ಇದಕ್ಕೆ ಉತ್ತರ ಹುಡುಕುವ ಪ್ರಯತ್ನವಾಗಿದೆ. ಅದರಂತೆ ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ಸಲ್ಲಬೇಕು. ಒಪ್ಪಂದಕ್ಕೆ ಸೇರಿದ ವಿಶ್ವವಿದ್ಯಾಲಯಗಳು 2025–26ರಲ್ಲಿ ತಲಾ ಸುಮಾರು 2.05 ಕೋಟಿ ಡಾಲರ್‌ಗಳವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು. ಹೊರಗಿನವರೊಂದಿಗಿನ 600 ಡಾಲರ್‌ಗಿಂತ ಹೆಚ್ಚಿನ ಒಪ್ಪಂದಗಳನ್ನು ವರದಿ ಮಾಡಬೇಕು. ಬೆಂಬಲಿಗರು ನೀಡುವ ಹಣ ನ್ಯಾಯವಾದ ಮಾರುಕಟ್ಟೆ ಬೆಲೆಗೆ ಹೊಂದುತ್ತದೆಯೇ ಎಂಬ ಪರಿಶೀಲನೆಯೂ ಇದೆ.

ಗಳಿಕೆಯ ಜೊತೆಗೆ ಹೊಣೆಯೂ ಬಂದಿದೆ. ಈ ಆದಾಯಕ್ಕೆ ತೆರಿಗೆ ಸಲ್ಲಿಸಬೇಕು. ಕುಟುಂಬದ ಆರ್ಥಿಕ ಸ್ಥಿತಿಯನ್ನು ಆಧರಿಸಿ ಸರ್ಕಾರ ನೀಡುವ ಶಿಕ್ಷಣ ನೆರವು ಇದರಿಂದ ಕಡಿಮೆಯಾಗಬಹುದು.

ವಿದೇಶಿ ವಿದ್ಯಾರ್ಥಿಗಳು

ಬದಲಾವಣೆಯ ಲಾಭ ಪೂರ್ಣವಾಗಿ ದಕ್ಕದಿರುವ ಒಂದು ವರ್ಗವೆಂದರೆ ವಿದೇಶಿ ವಿದ್ಯಾರ್ಥಿಗಳು. ಇವರಲ್ಲಿ ಹೆಚ್ಚಿನವರು ಎಫ್-1 ವೀಸಾ ಪಡೆದು ಓದುತ್ತಾರೆ. ಈ ವೀಸಾದಲ್ಲಿ ಕ್ಯಾಂಪಸ್ಸಿನ ಹೊರಗೆ ದುಡಿಯಲು ಕಟ್ಟುನಿಟ್ಟಾದ ಮಿತಿಗಳಿವೆ. ಹಣ ಪಡೆದು ಹಸ್ತಾಕ್ಷರ ಹಾಕುವುದು ದುಡಿಮೆ ಎನಿಸಿದರೆ ವಾಸ್ತವ್ಯದ ಹಕ್ಕಿಗೇ ಕುತ್ತು ಬರಬಹುದು. ಕೆನಡಾದ ಜ್ಯಾಕ್ ಈಡಿ ಪರ್ಡ್ಯೂ ವಿಶ್ವವಿದ್ಯಾಲಯದ ಪರವಾಗಿ ಆಡಿ ದೇಶದ ಶ್ರೇಷ್ಠ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರರೆನಿಸಿದಾಗಲೂ ಈ ಮಿತಿಗಳನ್ನು ಎದುರಿಸಬೇಕಾಯಿತು.

ಭಾರತೀಯ ಹೆಸರುಗಳೂ ಕಾಲೇಜು ಕ್ರೀಡೆಯ ಇತಿಹಾಸದಲ್ಲಿವೆ. ಮೈಸೂರಿನಲ್ಲಿ ಜನಿಸಿ ಅಮೆರಿಕದಲ್ಲಿ ಬೆಳೆದ ಡಿಸ್ಕಸ್ ಎಸೆತಗಾರ ವಿಕಾಸ್ ಗೌಡ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಪರವಾಗಿ 2006ರಲ್ಲಿ ಎನ್‌ಸಿಎಎ ಪ್ರಶಸ್ತಿ ಗೆದ್ದರು. ಟೆನಿಸ್ ಆಟಗಾರ ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದಿಂದ 2007 ಮತ್ತು 2008ರಲ್ಲಿ ಸಿಂಗಲ್ಸ್ ಪ್ರಶಸ್ತಿ ಪಡೆದರು. ಇವರಿಬ್ಬರೂ ಆಡಿದ್ದು ಹಳೆಯ ನಿಯಮಗಳ ಕಾಲದಲ್ಲಿ. ಕ್ರೀಡಾ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ತೆರಳುವ ಇಂದಿನ ಭಾರತೀಯ ವಿದ್ಯಾರ್ಥಿಗಳು ಯಾವುದೇ ಸ್ಮರಣಿಕೆಯನ್ನು ಮಾರುವ ಮೊದಲು ಕ್ರೀಡಾ ನಿಯಮಗಳ ಜೊತೆಗೆ ವೀಸಾ ನಿಯಮಗಳನ್ನೂ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಅಗತ್ಯ.

ಉಳಿದಿರುವ ಪ್ರಶ್ನೆಗಳು

ಹಸ್ತಾಕ್ಷರ, ಪ್ರಶಸ್ತಿ, ಉಪಕರಣ ಎಂಬ ಮೂರು ಬಗೆಗಳನ್ನು ಬೇರ್ಪಡಿಸಿ ನೋಡಿದಾಗ ಪ್ರಶ್ನೆಯ ತೊಡಕು ಬಹಳಷ್ಟು ಬಿಡಿಸಿಕೊಳ್ಳುತ್ತದೆ. ಹಸ್ತಾಕ್ಷರದ ಮೇಲೆ ಆಟಗಾರರ ಹಕ್ಕನ್ನು ಇಂದು ಯಾರೂ ಗಂಭೀರವಾಗಿ ಅಲ್ಲಗಳೆಯುವುದಿಲ್ಲ. ಉಪಕರಣ ಸಂಸ್ಥೆಯದು ಎಂಬುದರಲ್ಲಿಯೂ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ನಿಜವಾದ ಭಿನ್ನಮತ ಉಳಿದಿರುವುದು ಪ್ರಶಸ್ತಿಗಳ ವಿಷಯದಲ್ಲಿ: ಕೊಟ್ಟ ಮೇಲೆ ಅವು ಪಡೆದವರ ಸ್ವತ್ತೇ, ಅಥವಾ ತಂಡದ ನೆನಪನ್ನು ಹೊತ್ತ ಒಂದು ಬಗೆಯ ನಿಕ್ಷೇಪವೇ ಎಂಬುದರಲ್ಲಿ.

ಹಿಂದೆ ಶಿಕ್ಷೆಗೊಳಗಾದವರ ಪ್ರಶ್ನೆಯೂ ಉಳಿದಿದೆ. ಹೊಸ ನೀತಿ ಜಾರಿಗೆ ಬಂದ ಮೇಲೆ, 2021ರಲ್ಲಿ, ಓಹಾಯೋ ಸ್ಟೇಟ್‌ನ ಆ ಆಟಗಾರರು ತಮ್ಮ ದಾಖಲೆಗಳನ್ನೂ ತಂಡದ ಗೆಲುವುಗಳನ್ನೂ ಮರಳಿ ಸ್ಥಾಪಿಸುವಂತೆ ಬಹಿರಂಗವಾಗಿ ಕೋರಿದರು. ಏಜೆಂಟರಿಂದ ಕುಟುಂಬಕ್ಕೆ ಸೌಲಭ್ಯ ದೊರೆತಿತ್ತೆಂಬ ಬೇರೊಂದು ಪ್ರಕರಣದಲ್ಲಿ 2010ರಲ್ಲಿ ಹೈಸ್‌ಮನ್ ಟ್ರೋಫಿಯನ್ನು ಬಿಟ್ಟುಕೊಟ್ಟಿದ್ದ ರೆಜಿ ಬುಷ್ ಅವರಿಗೆ 2024ರ ಏಪ್ರಿಲ್‌ನಲ್ಲಿ ಅದನ್ನು ಹಿಂದಿರುಗಿಸಲಾಯಿತು. ಆದರೆ ತಪ್ಪಿಹೋದ ಪಂದ್ಯವನ್ನಾಗಲಿ, ಋತುವನ್ನಾಗಲಿ ಹಿಂದಿರುಗಿಸುವ ನಿಯಮವಿಲ್ಲ. 1,000 ಡಾಲರ್ ಬೆಲೆಯ ಒಂದು ಅಂಗಿಗಾಗಿ ನಾಲ್ಕು ಪಂದ್ಯಗಳನ್ನು ಕಳೆದುಕೊಂಡ ಆಟಗಾರರ ಹಾಗೂ ಇಂದು ಅದೇ ಮೈದಾನದಲ್ಲಿ ಹಸ್ತಾಕ್ಷರಕ್ಕೆ ಬಹಿರಂಗವಾಗಿ ಹಣ ಪಡೆಯುವ ಆಟಗಾರರ ನಡುವೆ ಇರುವ ಅಂತರ ನಡತೆಯದಲ್ಲ, ಕಾಲದ್ದು.